ತಣ್ಣಗಿನ ಬೆಸುಗೆ

ಮಂಚದ ಕಾಲು ಮುರಿದ ಸದ್ದಿಗಿಂತ, ಅದರ ಮೇಲೆ ಕೂತಿದ್ದವರು ನೆಲಕ್ಕೆ ಬಿದ್ದ ಸದ್ದೇ ಜೋರಾಗಿತ್ತು.

ಬಿದ್ದವರು ಆಸ್ಪತ್ರೆಯ ಕಡೆಯ ಅಧಿಕಾರಿ. ಒಳ್ಳೆ ಮೈಕಟ್ಟಿನ ಆಸಾಮಿ. ಬಣ್ಣ ಬಳಿಯುವ ಮೊದಲು ಮಂಚಗಳನ್ನು ನೋಡಿ ಒಪ್ಪಿಗೆ ಕೊಡಲು ಬಂದಿದ್ದರು. ವರ್ಕ್‌ಶಾಪಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಕಬ್ಬಿಣದ ಮಂಚಗಳಲ್ಲಿ ಒಂದನ್ನು ತಾವೇ ಆರಿಸಿದರು. ಅಂಚಿನ ಮೇಲೆ ಕೂತರು. ಟಕ್ ಅಂದಿತು. ಕಾಲು ಒಂದು ಕಡೆ, ಮಂಚ ಒಂದು ಕಡೆ, ಅಧಿಕಾರಿ ಇನ್ನೊಂದು ಕಡೆ.

ನಾಲ್ಕು ಜನ ಸೇರಿ ಎಬ್ಬಿಸಿದರು. ಪೆಟ್ಟೇನೂ ಆಗಿರಲಿಲ್ಲ. ಆದರೆ ಮುಖ ಕೆಂಪಾಗಿತ್ತು.

"ನನ್ನ ಜಾಗದಲ್ಲಿ ರೋಗಿ ಇದ್ದಿದ್ರೆ? ನಾಳೆ ಬರ್ತೀನಿ. ಯಾಕೆ ಹೀಗಾಯ್ತು ಅಂತ ಹೇಳಬೇಕು. ಇಲ್ಲಾಂದ್ರೆ ನಿಮ್ಮ ಒಂದು ಮಂಚವೂ ನಮಗೆ ಬೇಡ."

ಅವರು ಅತ್ತ ಹೋದರು. ಇತ್ತ ಮಾಲೀಕನ ಗಂಟಲು ತೆರೆಯಿತು.

"ಎಲ್ಲಿ ಅವಳು? ಕರೀರಿ ಅವಳನ್ನ!"

ಅವಳು ಅಂದರೆ ಕಿಡಿ. ಮಿಗ್ ವೆಲ್ಡಿಂಗ್ ಮಷೀನಿನಲ್ಲಿ ಮಂಚಗಳಿಗೆ ಬೆಸುಗೆ ಹಾಕುವವಳು. ಆ ಹೆಸರು ಕೆಲಸದಿಂದ ಬಂತೋ ನಾಲಗೆಯಿಂದ ಬಂತೋ ಯಾರಿಗೂ ಗೊತ್ತಿಲ್ಲ. ಕೈಗವಸು ಕಳಚುತ್ತಾ ಬಂದು ಎದುರಿಗೆ ನಿಂತಳು.

"ನನ್ನ ಬೆಸುಗೆ ಬಿಡಲ್ಲ ಸಾರ್. ಕಬ್ಬಿಣ ಬೇಕಾದ್ರೆ ಮುರಿಯುತ್ತೆ, ನನ್ನ ಬೆಸುಗೆ ಬಿಡಲ್ಲ."

"ಕಣ್ಣೆದುರಿಗೆ ಬಿಟ್ಟಿದೆಯಲ್ಲ! ನಿನ್ನ ಬಾಯಿ ಮಾತ್ರ ಗಟ್ಟಿ. ನಾಳೆಯಿಂದ ಬರಬೇಡ."

ಮಾಲೀಕ ಮೇಜಿನ ಮೇಲಿನ ಹಾಳೆ ಎಳೆದುಕೊಂಡ. ಕೆಲಸದಿಂದ ತೆಗೆದಿದೆ ಎಂದು ಬಲಗೈಯಲ್ಲಿ ಗೀಚತೊಡಗಿದ. ಕಿಡಿಯ ಕಣ್ಣು ತುಂಬಿತು. ಆದರೂ ಅವಳು ತಲೆ ತಗ್ಗಿಸಲಿಲ್ಲ.

"ಕಣ್ಣಿಗೆ ಔಷಧಿ ಹಾಕೋ ಹೊತ್ತಾಯ್ತು. ಕೂಗಾಡೋದು ಆಮೇಲೆ" ಎಂದಿತು ಬಾಗಿಲಲ್ಲೊಂದು ದನಿ.

ಎಲ್ಲರೂ ತಿರುಗಿ ನೋಡಿದರು. ಮಾಲೀಕನ ಅಕ್ಕ. ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತಳಾದವಳು. ತಮ್ಮನ ಕಣ್ಣಿನ ಪೊರೆ ತೆಗೆಸಿದ್ದಾರೆ, ನೋಡಿಕೊಂಡು ಹೋಗೋಣ ಎಂದು ಬಂದವಳು ಅವನ ಮನೆಯಲ್ಲೇ ಉಳಿದಿದ್ದಳು. ತಮ್ಮನ ಕಪ್ಪು ಕನ್ನಡಕ ತೆಗೆದು, ಗದ್ದ ಎತ್ತಿ, ಔಷಧಿಯ ಹನಿ ಬಿಟ್ಟಳು. ಕಣ್ಣು ಕೆಂಪಗಿತ್ತು. ನೀರು ಸುರಿಯುತ್ತಿತ್ತು.

"ರಾತ್ರಿ ನಿದ್ದೆ ಮಾಡಿಲ್ವೇನೋ?"

"ಈ ಟೆನ್ಷನ್‌ನಲ್ಲಿ ಎಲ್ಲಿಯ ನಿದ್ದೆ ಅಕ್ಕ?"

ಅಕ್ಕ ಹಾಳೆಯನ್ನು ಮಡಿಸಿ ತನ್ನ ಬ್ಯಾಗಿಗೆ ಸೇರಿಸಿದಳು. "ಸಂಜೆವರೆಗೂ ಇದು ನನ್ನ ಹತ್ತಿರ ಇರಲಿ. ವಿಚಾರಣೆ ಇಲ್ಲದೆ ಯಾರಿಗೂ ಶಿಕ್ಷೆ ಕೊಟ್ಟವಳಲ್ಲ ನಾನು."

"ನಿನಗೆ ವೆಲ್ಡಿಂಗ್ ಏನು ಗೊತ್ತು?"

"ಏನೂ ಗೊತ್ತಿಲ್ಲ. ಆದ್ರೆ ಸುಳ್ಳು ಗೊತ್ತು."

* * *

ಮುರಿದ ಕಾಲನ್ನು ಅಕ್ಕ ಬೆಳಕಿಗೆ ಹಿಡಿದಳು. ಬೆಸುಗೆ ಇಡಿಯಾಗಿ ಪೈಪಿನ ಮೇಲೆಯೇ ಕೂತಿತ್ತು. ಎತ್ತರಕ್ಕೆ, ಸಣ್ಣಗೆ, ದುಂಡಗೆ. ಗೋಡೆಯ ಮೇಲೆ ಹರಿಯುವ ಹುಳದ ಹಾಗೆ.

"ಇದು ಒಳಗೆ ಇಳಿದೇ ಇಲ್ಲ. ಮೇಲೆ ಕೂತು ಹರಟೆ ಹೊಡೆದು ಎದ್ದು ಹೋಗಿದೆ" ಎಂದಳು ಕಿಡಿ.

"ಯಾಕೆ ಇಳಿಯಲಿಲ್ಲ? ಚಿಕ್ಕ ಮಗುವಿಗೆ ಹೇಳೋ ಹಾಗೆ ಹೇಳು."

ಕಿಡಿಯ ಮುಖ ಅರಳಿತು. ಕೆಲಸದ ಬಗ್ಗೆ ಮಾತು ಬಂದರೆ ಅವಳಿಗೆ ಉಳಿದದ್ದೆಲ್ಲ ಮರೆತುಹೋಗುತ್ತಿತ್ತು.

"ಈ ಮಷೀನಿಗೆ ಎರಡು ತಿರುಪು ಮೇಡಂ, ಪಕ್ಕದಲ್ಲೇ ಅಂಕಿ ಇದೆ ನೋಡಿ. ಒಂದು ವೋಲ್ಟೇಜ್, ಇನ್ನೊಂದು ವೈರ್ ಸ್ಪೀಡ್. ಕೈಯಲ್ಲಿ ಹಿಡಿಯೋ ಈ ಗನ್ನಿನಿಂದ ಬೆಸುಗೆಯ ತಂತಿ ಎಷ್ಟು ಬೇಗ ಬರಬೇಕು ಅನ್ನೋದು ವೈರ್ ಸ್ಪೀಡ್. ತಂತಿ ಜೋರಾಗಿ ಬಂದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತೆ, ಬೆಸುಗೆ ಆಳಕ್ಕೆ ಇಳಿಯುತ್ತೆ. ಬಂದ ತಂತಿ ಕರಗಿ ಅಗಲವಾಗಿ ಹರಡೋದು ವೋಲ್ಟೇಜಿನಿಂದ. ಎರಡೂ ಗಂಡ ಹೆಂಡತಿ ಇದ್ದ ಹಾಗೆ. ಒಬ್ಬರನ್ನ ಏರಿಸಿದ್ರೆ ಇನ್ನೊಬ್ಬರನ್ನೂ ಏರಿಸಬೇಕು. ಇಲ್ಲಾಂದ್ರೆ ಸಂಸಾರ ಕೆಟ್ಟಿತು."

"ಈ ಮಂಚಕ್ಕೆ ಎಷ್ಟಿರಬೇಕು?"

"ಇದು ದಪ್ಪ ಪೈಪು. ನಮ್ಮ ತಂತಿಗೆ ಇಪ್ಪತ್ತರ ಹತ್ತಿರ ವೋಲ್ಟು, ಅದಕ್ಕೆ ತಕ್ಕ ವೇಗ. ತೆಳು ತಗಡಿಗಾದ್ರೆ ಹದಿನೈದು ಹದಿನಾರು ಸಾಕು, ತಂತಿಯೂ ನಿಧಾನ. ತಗಡಿನ ಲೆಕ್ಕ ಇಟ್ಟು ಪೈಪಿಗೆ ಹಾಕಿದ್ರೆ ಈ ಹುಳಾನೇ ಬರೋದು."

"ತೋರಿಸು."

ಕಿಡಿ ಎರಡು ಪೈಪಿನ ತುಂಡು ಜೋಡಿಸಿದಳು. ಎರಡೂ ತಿರುಪು ಇಳಿಸಿದಳು. ಹೆಲ್ಮೆಟ್ ಹಾಕಿಕೊಳ್ಳುತ್ತಲೇ ಗೊಣಗಿದಳು. "ನಿನ್ನೆ ಬೆಳಗ್ಗೆ ಬಂದು ಹಾಕ್ಕೊಂಡ್ರೆ ಇದು ಮೂಗಿನ ಮೇಲೆ ಜಾರಿ ಬಿತ್ತು. ಯಾರೋ ಬುರುಡೆ ದಪ್ಪದವರು ಪಟ್ಟಿ ಸಡಿಲ ಮಾಡಿದಾರೆ."

ಅಕ್ಕನ ಕಿವಿ ನೆಟ್ಟಗಾಯಿತು.

ಪಟ್... ಪಟಕ್... ಪಟ್. ಮಷೀನು ಕೆಮ್ಮಿತು. ಮುಗಿದ ಮೇಲೆ ನೋಡಿದರೆ ಅದೇ ಹುಳ. ಸುತ್ತಿಗೆಯ ಒಂದೇ ಏಟಿಗೆ ತುಂಡು ಬಿಟ್ಟುಕೊಂಡಿತು.

ಈಗ ಕಿಡಿ ವೇಗ ಏರಿಸಿದಳು, ವೋಲ್ಟೇಜೂ ಏರಿಸಿದಳು. ಕಾದ ಬಾಣಲೆಗೆ ನೀರು ಚಿಮುಕಿಸಿದಂತೆ ಒಂದೇ ಸಮನೆ ಚರಚರ ಸದ್ದು. ಬೆಸುಗೆ ಅಗಲವಾಗಿ, ಎರಡೂ ಅಂಚಿಗೆ ನಯವಾಗಿ ಸೇರಿಕೊಂಡಿತು. ಸುತ್ತಿಗೆಯಲ್ಲಿ ಬಡಿದಳು. ಪೈಪು ಬಾಗಿತು. ಬೆಸುಗೆ ಅಲ್ಲಾಡಲಿಲ್ಲ.

"ಗ್ಯಾಸ್ ಖಾಲಿಯಾಗಿದ್ರೆ?" ಮಷೀನಿನ ಪಕ್ಕದ ಸಿಲಿಂಡರ್ ತೋರಿಸಿ ಅಕ್ಕ ಕೇಳಿದಳು.

"ಬೆಸುಗೆ ತುಂಬ ತೂತು ಬೀಳ್ತಿತ್ತು. ಇದರಲ್ಲಿ ಒಂದೂ ತೂತಿಲ್ಲ."

"ಕರೆಂಟ್ ಕಡಿಮೆ ಬಂದಿದ್ರೆ?"

"ಪಕ್ಕದ ಮಷೀನೂ ಅದೇ ಲೈನು. ಅದರ ಕೆಲಸ ಚೆನ್ನಾಗೇ ಇದೆ."

"ಹಾಗಾದ್ರೆ ತಿರುಪೇ. ಇನ್ನೊಂದು ಕೇಳ್ತೀನಿ. ನಿನ್ನ ಗನ್ ಬಲದಿಂದ ಎಡಕ್ಕೆ ಹೋಯ್ತು. ಯಾವಾಗಲೂ ಹಾಗೇನಾ?"

"ಬಲಗೈಯವರೆಲ್ಲ ಸಾಮಾನ್ಯವಾಗಿ ಹಾಗೇ ತಳ್ಕೊಂಡು ಹೋಗೋದು. ಗನ್ ಬಿಟ್ಟ ಕಡೆ ಸಣ್ಣ ಗುಳಿ ಬೀಳುತ್ತೆ, ನೋಡಿ. ನನ್ನದು ಎಡತುದಿಯಲ್ಲಿ."

ಅಕ್ಕ ಟಾರ್ಚ್ ಹಿಡಿದು ಮಂಚಗಳ ಸಾಲಿಗೆ ಹೋದಳು. ಬಹಳಷ್ಟು ಮಂಚಗಳ ಬೆಸುಗೆ ಅಗಲ, ನಯ. ಗುಳಿ ಎಡಕ್ಕೆ. ಕೆಲವು ಮಂಚಗಳಲ್ಲಿ ಮಾತ್ರ ಹುಳ. ಅವುಗಳ ಗುಳಿ?

ಬಲಕ್ಕೆ. ಎಲ್ಲವೂ ಬಲಕ್ಕೆ.

"ಮಂಚವನ್ನೇ ತಿರುಗಿಸಿ ಇಟ್ಟಿರಬಹುದಲ್ಲ?"

"ಆಗಲ್ಲ ಮೇಡಂ. ಬೆಸುಗೆ ಹಾಕುವಾಗ ಸ್ಟ್ಯಾಂಡಿನಲ್ಲಿ ಒಂದೇ ರೀತಿ ಕೂರುತ್ತೆ." ಕಿಡಿ ಬಗ್ಗಿ ನೋಡಿದಳು. ಅವಳ ದನಿ ಏರಿತು. "ಅಯ್ಯೋ, ಇವು ಮೂಲೆಯಲ್ಲಿದ್ದವು! ಮೊನ್ನೆ ರಜೆ ಇತ್ತಲ್ಲ, ಅದರ ಹಿಂದಿನ ದಿನ ಕಾಲು ಬೀಳದ ಹಾಗೆ ಬರೀ ಚುಕ್ಕಿ ಬೆಸುಗೆ ಹಾಕಿ ನಿಲ್ಲಿಸಿ ಹೋಗಿದ್ದೆ. ರಜೆ ಮುಗಿಸಿ ಬರೋ ಹೊತ್ತಿಗೆ ಈ ಸಾಲಿಗೆ ಬಂದಿದ್ವು. ತಗಡಣ್ಣ ಮುಗಿಸಿರಬೇಕು ಅಂದ್ಕೊಂಡೆ."

* * *

ತಗಡಣ್ಣ ಪಕ್ಕದ ಶೆಡ್ಡಿನವನು. ತೆಳು ತಗಡಿನಲ್ಲಿ ಬೀರು ಮಾಡುವುದು ಅವನ ಕೆಲಸ. ಅವನಿಗೂ ಕಿಡಿಗೂ ಎಣ್ಣೆ ಸೀಗೇಕಾಯಿ. ಅವನು ಕತ್ತರಿಯಲ್ಲಿ ತಗಡು ಕತ್ತರಿಸುತ್ತಿದ್ದ.

"ಹಿಡ್ಕೋ!" ಅಕ್ಕ ಒಂದು ಸೀಮೆಸುಣ್ಣ ಎಸೆದಳು.

ಅವನು ಕತ್ತರಿ ಬಿಟ್ಟು ಬಲಗೈ ಚಾಚಿ ಹಿಡಿದ. "ಏನಮ್ಮಾ ಇದು?"

"ಏನಿಲ್ಲ. ರಜೆಯ ಹಿಂದಿನ ದಿನ ಕಿಡಿಯ ಮಷೀನು ಮುಟ್ಟಿದ್ಯಾ?"

"ಮುಟ್ಟಿದ್ದೆ. ಸುಳ್ಳು ಯಾಕೆ ಹೇಳಲಿ? ನನ್ನ ಮಷೀನು ಕೈಕೊಟ್ಟಿತ್ತು. ಅವಳು ಮನೆಗೆ ಹೋದ ಮೇಲೆ ಒಂದು ಬೀರುವಿನ ಬಾಗಿಲು ಮುಗಿಸ್ಕೊಂಡೆ."

"ತಿರುಪು ಇಳಿಸಿದ್ಯಾ?"

"ಇಳಿಸದೆ? ಅವಳ ಲೆಕ್ಕಕ್ಕೆ ತಗಡು ತೂತಾಗಿ ಹೋಗುತ್ತೆ."

"ವಾಪಸ್ ಏರಿಸಿದ್ಯಾ?"

ತಗಡಣ್ಣ ತಲೆ ಕೆರೆದುಕೊಂಡ. "ಇಲ್ಲ. ಬೆಳಗ್ಗೆ ಬಂದು ಬೈಕೊಂಡು ಸರಿ ಮಾಡ್ಕೊಳ್ಳಲಿ ಅಂತ ಬಿಟ್ಟೆ."

ಬಾಗಿಲಲ್ಲಿ ನಿಂತಿದ್ದ ಕಿಡಿ ಹಲ್ಲು ಕಡಿದಳು. "ಬೈಕೊಂಡೇ ಸರಿ ಮಾಡ್ಕೊಂಡೆ. ಮೊದಲ ಮಂಚ ಮುಟ್ಟೋಕೆ ಮುಂಚೆನೇ!"

"ಆ ಮೂಲೆಯ ಮಂಚಗಳು?" ಅಕ್ಕ ಕೇಳಿದಳು.

"ನಾನು ಮುಟ್ಟಿಲ್ಲಮ್ಮ. ಇವಳೇ ಮುಗಿಸಿದ್ಲು ಅಂದ್ಕೊಂಡಿದ್ದೆ."

ಇವಳು ಅವನೆಂದುಕೊಂಡಳು. ಅವನು ಇವಳೆಂದುಕೊಂಡ. ನಡುವೆ ಮೂರನೆಯವರೊಬ್ಬರು ರಜೆಯ ದಿನ ಬಂದು, ಕೆಲಸ ಮುಗಿಸಿ, ಸದ್ದಿಲ್ಲದೆ ಹೋಗಿದ್ದರು.

ಕಳ್ಳತನಕ್ಕೆ ಬೀಗ ಒಡೆಯುವವರನ್ನು ಅಕ್ಕ ಬೇಕಾದಷ್ಟು ಕಂಡಿದ್ದಳು. ಮೈಮುರಿದು ದುಡಿಯೋಕೆ ಒಳನುಗ್ಗಿದವರನ್ನು ಕಂಡಿರಲಿಲ್ಲ. ಅವಳಿಗೆ ನಗು ಬಂತು.

ಆಮೇಲೆ ಅವಳು ಬಣ್ಣದವನಿಗೆ, ಗಾಡಿ ಡ್ರೈವರಿಗೆ, ಸಾಮಾನು ಎತ್ತುವವರಿಗೆಲ್ಲ ಸೀಮೆಸುಣ್ಣ ಎಸೆಯುತ್ತಾ ಹೋದಳು. ಎಲ್ಲರೂ ಬಲಗೈಯಲ್ಲೇ ಹಿಡಿದರು. ಬಣ್ಣದವನು ಮಾತ್ರ ಹಿಡಿಯಲಿಲ್ಲ, ಹಣೆಗೆ ಬಡಿಸಿಕೊಂಡ.

"ಮಾಲೀಕರ ಅಕ್ಕನಿಗೆ ಏನೋ ಆಗಿದೆ" ಎಂದು ಪಿಸುಪಿಸು ಶುರುವಾಯಿತು.

* * *

ಗೇಟಿನ ಕಾವಲುಗಾರ ಅಕ್ಕನನ್ನು ಕಂಡು ಸೆಲ್ಯೂಟ್ ಹೊಡೆದ. ಬಲಗೈಯಲ್ಲೇ.

"ರಜೆಯ ದಿನ ಯಾರು ಬಂದಿದ್ರು?"

"ಹೊರಗಿನವರು ಒಂದು ನರಪಿಳ್ಳೆಯೂ ಬಂದಿಲ್ಲ ಮೇಡಂ."

"ಹೊರಗಿನವರನ್ನ ನಾನು ಕೇಳಲಿಲ್ಲ."

ಕಾವಲುಗಾರ ಆಕಾಶ ನೋಡಿದ. ನೆಲ ನೋಡಿದ. ಗೇಟಿನ ಚಿಲಕ ಒರೆಸಿದ. "ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಮೇಡಂ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಹೇಳಬೇಡ. ಮಾತು ಉಳಿಸ್ಕೋ." ಅಕ್ಕ ಅವನ ಹೆಗಲು ತಟ್ಟಿದಳು. "ನನಗೆ ಉತ್ತರ ಸಿಕ್ಕಿತು."

ಅಲ್ಲಿಂದಲೇ ಅವಳು ತಮ್ಮನ ಹೆಂಡತಿಗೆ ಫೋನ್ ಮಾಡಿದಳು. "ಸ್ವಲ್ಪ ವರ್ಕ್‌ಶಾಪಿಗೆ ಬಾಮ್ಮ."

* * *

ಸಂಜೆ ಎಲ್ಲರೂ ಮಿಗ್ ಮಷೀನಿನ ಸುತ್ತ ಸೇರಿದರು. ಮಾಲೀಕ ಕಪ್ಪು ಕನ್ನಡಕ ಏರಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಅವನ ಹೆಂಡತಿ ಪಕ್ಕದಲ್ಲಿ.

"ಸಿಕ್ಕಿದ್ರಾ ಅಕ್ಕ?"

"ಸಿಕ್ಕಿದ್ರು. ಹಿಡ್ಕೋ!"

ಸೀಮೆಸುಣ್ಣ ಹಾರಿತು. ಮಾಲೀಕ ಯೋಚಿಸುವ ಮೊದಲೇ ಅವನ ಎಡಗೈ ಮೇಲೆದ್ದು ಅದನ್ನು ಹಿಡಿದಿತ್ತು.

"ಕೆಲಸಗಾರರೆಲ್ಲ ಇವನನ್ನ ಬಲಗೈಯವನು ಅಂದ್ಕೊಂಡಿದಾರೆ" ಎಂದಳು ಅಕ್ಕ. "ಇವನು ಬರೆಯೋದನ್ನ ಮಾತ್ರ ನೋಡಿದಾರಲ್ಲ. ಅಪ್ಪ ಗದರಿಸಿ ಬಲಗೈಯಲ್ಲಿ ಬರೆಯೋದು ಕಲಿಸಿದ್ರು. ಉಳಿದದ್ದೆಲ್ಲ ಎಡಗೈಯೇ. ಊಟಕ್ಕೆ ಕೂತಾಗಲೆಲ್ಲ ಇವನ ಮೊಣಕೈ ನನ್ನ ಮೊಣಕೈಗೆ ಗುದ್ದುತ್ತಿತ್ತು. ದಿನಾ ಜಗಳ."

ಮಾಲೀಕ ಸೀಮೆಸುಣ್ಣವನ್ನು ಮೆಲ್ಲಗೆ ಬಲಗೈಗೆ ಬದಲಿಸಿಕೊಂಡ. ತಡವಾಗಿತ್ತು.

"ಹುಳದಂಥ ಬೆಸುಗೆಗಳೆಲ್ಲ ಎಡದಿಂದ ಬಲಕ್ಕೆ ಹೋಗಿವೆ. ಅದು ಎಡಗೈಯವರ ದಾರಿ. ಆ ಮಂಚಗಳನ್ನ ಕಿಡಿ ಚುಕ್ಕಿ ಹಾಕಿ ಬಿಟ್ಟಿದ್ಲು. ಆಮೇಲೆ ತಗಡಣ್ಣ ತಿರುಪು ಇಳಿಸಿ ಹಾಗೇ ಹೋದ. ರಜೆ ಕಳೆದು ಕಿಡಿ ಬಂದಾಗಲೂ ತಿರುಪು ಇಳಿದೇ ಇತ್ತು. ಅಂದ್ರೆ ನಡುವೆ ಬಂದವರು ಅದನ್ನ ನೋಡಲೇ ಇಲ್ಲ, ಬದಲಿಸಲೂ ಇಲ್ಲ. ಬೆಸುಗೆಯವರು ಮೊದಲು ನೋಡೋದೇ ಆ ಅಂಕಿ. ನೋಡಲಿಲ್ಲ ಯಾಕೆ? ಕಣ್ಣಿಗೆ ಅಂಕಿ ಕಾಣಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಸಡಿಲ ಮಾಡಿದ್ರು. ತಲೆ ದೊಡ್ಡದು. ಬೀಗ ಒಡೆದಿಲ್ಲ. ಕೀಲಿ ಇತ್ತು. ಇವತ್ತು ಕಣ್ಣು ಕೆಂಪಗೆ ಸುರೀತಿದೆ. ಇನ್ನೇನು ಹೇಳಲಿ?"

"ಸದ್ದಾದ್ರೂ ಕೇಳಿಸಬೇಕಿತ್ತಲ್ಲ? ಮಷೀನು ಅಷ್ಟು ಕೆಮ್ಮುತ್ತೆ!" ಕಿಡಿಗೆ ತಡೆಯಲಾಗಲಿಲ್ಲ.

ಮಾಲೀಕನ ದನಿ ಕುರ್ಚಿಯ ಕೆಳಗಿನಿಂದ ಬಂದಂತೆ ಬಂತು. "ಕೇಳಿಸ್ತು. ಮಷೀನು ಹಳೇದಾಯ್ತು ಅಂದ್ಕೊಂಡೆ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಡಾಕ್ಟರು ವೆಲ್ಡಿಂಗ್ ಬೆಳಕಿನ ಕಡೆ ತಲೆ ಹಾಕಬೇಡಿ ಅಂದಿದ್ರು" ಎಂದಳು ಹೆಂಡತಿ. ಅವಳ ದನಿ ತಣ್ಣಗಿತ್ತು. "ಅತ್ತಿಗೆ, ರಜೆಯ ದಿನ ಇವರು ನನಗೆ ವಾಕಿಂಗ್ ಹೋಗ್ತೀನಿ ಅಂದಿದ್ರು."

"ಆರ್ಡರು ಬೇಗ ಮುಗೀಲಿ ಅಂತ ಕಣೇ... ಕೈ ಕಟ್ಟಿ ಕೂತು ಕೂತು ಹುಚ್ಚು ಹಿಡಿದಿತ್ತು. ಕೆಟ್ಟದ್ದು ನನ್ನ ಕೆಲಸ ಅಂತ ದೇವರಾಣೆಗೂ ಅನ್ನಿಸಲಿಲ್ಲ ಅಕ್ಕ. ನನ್ನದು ಬಂಗಾರದಂಥ ಬೆಸುಗೆ, ಮುರಿದದ್ದು ಅವಳದ್ದೇ ಅಂತ ನಂಬಿಬಿಟ್ಟಿದ್ದೆ."

"ಅದನ್ನ ನಾನೂ ನಂಬ್ತೀನಿ. ಆದ್ರೆ ರಜೆಯ ದಿನ ಬಂದಿದ್ದೆ ಅನ್ನೋದನ್ನ ಮುಚ್ಚಿಟ್ಟೆ. ಹೆಂಡತಿಯ ಬೈಗುಳಕ್ಕೆ ಹೆದರಿ ಒಬ್ಬಳ ಕೆಲಸ ಕಳೀತಿದ್ದೆ."

ಅಕ್ಕ ಬ್ಯಾಗಿನಿಂದ ಹಾಳೆ ತೆಗೆದು ತಮ್ಮನ ಕೈಗಿಟ್ಟಳು. ಅವನು ಅದನ್ನು ಹರಿದ. ಚೂರು ಚೂರು ಮಾಡಿದ. ಎದ್ದು ಕಿಡಿಯ ಎದುರು ಬಂದು ಕನ್ನಡಕ ತೆಗೆದ.

"ತಪ್ಪಾಯ್ತಮ್ಮ. ಎಲ್ಲರ ಮುಂದೆ ಬೈದೆ. ಎಲ್ಲರ ಮುಂದೆಯೇ ಹೇಳ್ತಿದೀನಿ."

ಕಿಡಿಯ ಬಾಯಿ ಕಟ್ಟಿದ್ದನ್ನು ವರ್ಕ್‌ಶಾಪು ಅದೇ ಮೊದಲ ಸಲ ಕಂಡಿತು. "ಕನ್ನಡಕ ಹಾಕ್ಕೊಳ್ಳಿ ಸಾರ್, ಧೂಳಿದೆ" ಎಂದಳು ಕೊನೆಗೆ.

ಮರುದಿನ ಹುಳಗಳನ್ನೆಲ್ಲ ಗ್ರೈಂಡರಿನಲ್ಲಿ ಕೆರೆದು ಹಾಕಲಾಯಿತು. ಆ ಕೆಲಸ ತಗಡಣ್ಣನದು. ತಿರುಪು ಹಾಗೇ ಬಿಟ್ಟು ಹೋದದ್ದಕ್ಕೆ ಅವನೇ ಒಪ್ಪಿಕೊಂಡ ಶಿಕ್ಷೆ. ಕಿಡಿ ಹೊಸದಾಗಿ ಬೆಸುಗೆ ಹಾಕಿದಳು. ಆಸ್ಪತ್ರೆಯ ಅಧಿಕಾರಿ ಮಧ್ಯಾಹ್ನ ಬಂದರು. ಮಾಲೀಕ ನಡೆದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಅವರು ಪ್ರತಿ ಮಂಚದ ಕಾಲನ್ನೂ ಸುತ್ತಿಗೆಯಲ್ಲಿ ಬಡಿದು ನೋಡಿದರು. ಒಪ್ಪಿಗೆ ಕೊಟ್ಟರು.

ಅವರನ್ನು ಕಳಿಸಿ ಬಂದ ಮಾಲೀಕ ಮಷೀನಿನ ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ಕಿಡಿಗೆ ಕೊಟ್ಟ.

"ಇನ್ನು ಮೇಲೆ ಇದು ನಿನ್ನ ಜವಾಬ್ದಾರಿ. ಯಾರೇ ಕೇಳಲಿ, ಯೋಚನೆ ಮಾಡಿ ಕೊಡು."

ಕಿಡಿ ಕೀಲಿಯನ್ನು ಜೇಬಿಗೆ ಹಾಕಿಕೊಂಡಳು. ಅವಳ ನಾಲಗೆ ವಾಪಸ್ ಬಂದಿತ್ತು.

"ಬೇರೆಯವರು ಕೇಳಿದ್ರೆ ಯೋಚನೆ ಮಾಡ್ತೀನಿ ಸಾರ್. ನೀವು ಕೇಳಿದ್ರೆ ಯೋಚನೆನೂ ಮಾಡಲ್ಲ."