ಐದು ಎಂದವಳು

"ಐದು," ಎಂದಳು ಅವಳು.

ಜಿಮ್‌ನ ಕೋಚ್ ಬರೆಯುವುದನ್ನು ಬಿಟ್ಟು ಅವಳನ್ನೇ ನೋಡಿದ. ಹಣೆ ತುಂಬ ಬೆವರು, ಕೆಂಪಾದ ಕಿವಿ, ಹಲ್ಲಿನಡಿ ಸಿಕ್ಕಿಬಿದ್ದ ಕೆಳತುಟಿ. ಆದರೂ ಐದು!

"ಈ ಭಾರ ಎತ್ತೋದು ಹತ್ತಕ್ಕೆ ಐದೇ ಕಷ್ಟಾನಾ? ಖಂಡಿತಾ?"

"ಖಂಡಿತಾ. ಮುಖ ನೋಡಿ ಅಳೀಬೇಡಿ. ಅದು ಹುಟ್ಟಿದಾಗಿಂದ ಹೀಗೇ ಇದೆ."

ಅವನು ನಗು ನುಂಗಿಕೊಂಡ. ಆ ಮುಖವನ್ನು ಅವನು ನೋಡುತ್ತಿದ್ದ ಕಾರಣವೇ ಬೇರೆ. ಅದನ್ನು ಪುಸ್ತಕದಲ್ಲಿ ಬರೆಯುವಂತಿರಲಿಲ್ಲ.

ಅವಳು ಸಿಟಿ ಬಸ್ಸಿನ ಡ್ರೈವರ್. ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಭುಜ ಮುರಿದು ಐದು ತಿಂಗಳಾಗಿತ್ತು. ಮೂಳೆ ಕೂಡಿತ್ತು, ಕಸುವು ಮಾತ್ರ ಬಂದಿರಲಿಲ್ಲ. ಇನ್ನು ಆರು ವಾರಕ್ಕೆ ಡಿಪೋ ಡಾಕ್ಟರ ಪರೀಕ್ಷೆ. ಅದರಲ್ಲಿ ಪಾಸಾಗದಿದ್ದರೆ ಸ್ಟಿಯರಿಂಗ್ ಬಿಟ್ಟು ಟಿಕೆಟ್ ಕಿಟಕಿಯ ಹಿಂದೆ ಕೂರಬೇಕು. ಆ ಮಾತು ಬಂದಾಗಲೆಲ್ಲ ಅವಳ ದನಿ ಸಣ್ಣಗಾಗುತ್ತಿತ್ತು.

ಅವಳು ಐದು ಎಂದಾಗಲೆಲ್ಲ ಅವನು ಭಾರ ಹೆಚ್ಚಿಸುತ್ತ ಹೋದ. ಒಂದು ಮಂಗಳವಾರ, ಮೂರನೇ ಸೆಟ್ಟಿನಲ್ಲಿ, ತಲೆಯ ಮೇಲಕ್ಕೆ ಹೋದ ಡಂಬೆಲ್ ಅಲ್ಲೇ ನಡುಗತೊಡಗಿತು. ಅವನು ನೆಗೆದು ಹಿಡಿಯದಿದ್ದರೆ ಮುರಿದ ಭುಜದ ಮೇಲೇ ಬೀಳುತ್ತಿತ್ತು.

"ಇದು ಐದಾ?" ಅವನು ಕೂಗಿಬಿಟ್ಟ. ಇಡೀ ಜಿಮ್ ತಿರುಗಿ ನೋಡಿತು. "ಸುಳ್ಳು ಹೇಳೋರಿಗೆ ನಾನು ಕಲಿಸಲ್ಲ!"

ಅವಳು ಟವೆಲ್ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಬುಧವಾರ ಬರಲಿಲ್ಲ. ಗುರುವಾರವೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗೊತ್ತಿದ್ದೂ ಆಡಿದ್ದ ಅವನು. ಶುಕ್ರವಾರ ಅವಳ ಅರ್ಜಿಯಲ್ಲಿದ್ದ ವಿಳಾಸ ಹುಡುಕಿಕೊಂಡು ಮೂರು ಮಹಡಿ ಹತ್ತಿದ.

ಬಾಗಿಲು ತೆಗೆದದ್ದು ಅವಳ ತಾಯಿ. "ಓ, ಭಾರ ಹೊರಿಸೋ ಮೇಷ್ಟ್ರು ನೀವೇನಾ? ಬನ್ನಿ, ಅವಳು ಅಂಗಡಿಗೆ ಹೋಗಿದಾಳೆ."

ಅವನು ಕುರ್ಚಿಯ ಅಂಚಿಗೆ ಕೂತು, ನಡೆದದ್ದನ್ನು ಒಪ್ಪಿಕೊಂಡ. ತಾಯಿ ನಿಟ್ಟುಸಿರಿಟ್ಟರು.

"ಅವಳು ಹಾಗೇನೇ ಕಣಪ್ಪಾ. ಕೆಂಡದ ಮೇಲೆ ಕೂರಿಸಿದ್ರೂ 'ಬೆಚ್ಚಗಿದೆ' ಅಂತಾಳೆ. ಅವರಪ್ಪ ಹಾಸಿಗೆ ಹಿಡಿದಾಗ ಇವಳಿಗೆ ಹತ್ತೊಂಬತ್ತು. ಅವರನ್ನ ಎತ್ತಿ ಕೂರಿಸಿ, ಉಣಿಸಿ, ಮಲಗಿಸಿ ಕಾಲೇಜಿಗೆ ಓಡೋಳು. ಇವಳು ಸುಸ್ತು ಅಂದ್ರೆ ಅವರು ಅಳ್ತಿದ್ರು. ಅದಕ್ಕೆ ಆ ಮಾತನ್ನೇ ಬಿಟ್ಟುಬಿಟ್ಟಳು."

ಅಷ್ಟರಲ್ಲಿ ಅವಳು ತರಕಾರಿ ಚೀಲ ಹಿಡಿದು ಬಂದಳು. ಅವನನ್ನು ಕಂಡು ಹೊಸ್ತಿಲಲ್ಲೇ ನಿಂತಳು.

ಅವನು ಎದ್ದ. "ತಪ್ಪಾಯ್ತು. ಎಲ್ಲರೆದುರು ಕೂಗಬಾರದಿತ್ತು. ಅದು ಕೋಪ ಅಲ್ಲ ರೀ, ಹೆದರಿಕೆ."

ಅವಳು ಚೀಲ ಕೆಳಗಿಟ್ಟಳು. "ಒಂಬತ್ತು, ಹತ್ತು ಅಂದ್ರೆ 'ಇವಳ ಕೈಲಾಗಲ್ಲ' ಅಂತ ಬರೀತೀರಿ ಅಂದ್ಕೊಂಡೆ."

"ಅದು ಮಾರ್ಕ್ಸ್ ಅಲ್ಲ! ಎಂಟು ಅಂದ್ರೆ ಇನ್ನೂ ಎರಡು ಸಲ ಎತ್ತೋ ಶಕ್ತಿ ಇದೆ ಅಂತ. ನಿದ್ದೆಗೆಟ್ಟ ದಿನ ಅದೇ ಭಾರ ಹತ್ತು ಅನಿಸುತ್ತೆ. ಅದು ಸೋಲಲ್ಲ. ನೀವು ಹೇಳಿದ್ರೆ ತಾನೇ ನಾನು ಇಳಿಸೋದು?"

"ಬಾಗಿಲಲ್ಲೇ ಪಾಠ ಮುಗಿಸ್ತೀರೋ, ಕಾಫಿ ಕುಡೀತೀರೋ?" ಅಷ್ಟರಲ್ಲಿ ಅಡುಗೆಮನೆ ಸೇರಿದ್ದ ತಾಯಿ ಅಲ್ಲಿಂದಲೇ ಕೂಗಿದರು.

ಇಬ್ಬರಿಗೂ ಒಟ್ಟಿಗೇ ನಗು ಬಂತು.

ಸೋಮವಾರ ಅವನು ಅರ್ಧ ಭಾರ ಕೊಟ್ಟ. "ಏಳು," ಎಂದಳು, ಸಿಕ್ಕಿಬಿದ್ದ ಕಳ್ಳಿಯ ಹಾಗೆ. ಮರುದಿನ ಎಂಟು. ಒಂದು ದಿನ, "ಇವತ್ತು ಎತ್ತೋಕೇ ಮನಸ್ಸಿಲ್ಲ," ಎಂದಾಗ ಅವನು ಖುಷಿಯಿಂದ ಪುಸ್ತಕ ಮುಚ್ಚಿದ. ಇಬ್ಬರೂ ಕಿಟಕಿ ಬಳಿಯ ಚಾಪೆಯ ಮೇಲೆ ಕೂತು ಒಂದು ಗಂಟೆ ಹರಟಿದರು. ಐದನೇ ವಾರದಲ್ಲಿ ಅವಳ ಭುಜ, ಅಂದು ನಡುಗಿದ ಭಾರವನ್ನು ಸಲೀಸಾಗಿ ದಾಟಿ ಹೋಯಿತು.

ಪಾಸಾದ ಚೀಟಿ ಹಿಡಿದು ಅವಳು ಓಡಿ ಬಂದಾಗ ಅವನಿಗೆ ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಬಾಯಿಂದ ಬಂದದ್ದು ಮಾತ್ರ, "ಹಾಗಾದ್ರೆ ಇನ್ನು ಇಲ್ಲಿಗೆ ಬರಬೇಕಾಗಿಲ್ಲ."

"ಹೌದಲ್ವಾ," ಎಂದಳು ಅವಳು. ಕಣ್ಣಿನ ಹೊಳಪು ಆರಿತು. ಹೋದಳು.

ಅವಳು ಕೆಲಸಕ್ಕೆ ಮರಳಿದ ಮೊದಲ ದಿನ, ಮಧ್ಯಾಹ್ನ, ಅವನು ಅವಳ ಬಸ್ ಹತ್ತಿದ. ಕನ್ನಡಿಯಲ್ಲಿ ಅವಳ ಕಣ್ಣು ಅವನನ್ನು ಕಂಡಿತು, ಸರಿಯಿತು, ಮತ್ತೆ ಕದ್ದು ಬಂತು. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಅವನು ಕೂತೇ ಇದ್ದ.

"ಕೋಚ್, ಮುಂದಕ್ಕೆ ರಸ್ತೆ ಇಲ್ಲ."

"ಬರಬೇಕಾಗಿಲ್ಲ ಅಂದೆ. ಬರಬೇಡಿ ಅನ್ನಲಿಲ್ಲ." ಅವನು ತಡವರಿಸಿದ. "ನನಗೆ ನೀವಂದ್ರೆ ಇಷ್ಟ. ಮೊದಲ ದಿನದಿಂದ."

ಅವಳು ಎಂಜಿನ್ ಆರಿಸಿದಳು. "ಇಷ್ಟು ಹೇಳೋಕೆ ಹದಿನೆಂಟು ಸ್ಟಾಪ್ ಬೇಕಾಯ್ತಾ?" ಸೀಟಿನಿಂದ ಎದ್ದು ಬಂದು ಅವನ ಪಕ್ಕ ಕೂತಳು. "ನನಗೂ ಇಷ್ಟ. ಕಾದು ಕಾದು ಸಾಕಾಗಿತ್ತು."

ಆಮೇಲೆ ಅವಳು ಮೆಲ್ಲಗೆ ಅವನಿಗೊರಗಿದಳು.

"ಇವತ್ತು ತುಂಬಾ ಸುಸ್ತಾಗಿದೆ ರೀ," ಎಂದಳು. "ಬಸ್ ಹೊರಡೋ ಹೊತ್ತಾಗೋವರೆಗೆ ಹೀಗೇ ಇರ್ಲಾ?"

ಅವನು ಉಸಿರನ್ನೂ ಜೋರಾಗಿ ಬಿಡದೆ ಕೂತ.