ಮಧ್ಯಾಹ್ನದ ಖಾಲಿ ವ್ಯಾನುಗಳು

ವ್ಯಾನಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದವನಿಗೆ ಮೊದಲು ಕಂಡದ್ದು ಎರಡು ಚಪ್ಪಲಿ. ಆಮೇಲೆ ಬಗ್ಗಿ ನೋಡಿದವಳ ಕೊರಳಿನಿಂದ ತೂಗುತ್ತಿದ್ದ ನಗರಸಭೆಯ ಗುರುತಿನ ಚೀಟಿ.

"ಇನ್ಶೂರೆನ್ಸ್ ಇದೆ, ಹೊಗೆ ತಪಾಸಣೆನೂ ಆಗಿದೆ," ಎಂದ ಅವನು, ಕೆಳಗಿನಿಂದಲೇ. "ಇನ್ನೇನು ಹುಡುಕ್ಬೇಕೋ ಹುಡುಕಿ."

"ನಾನು ಹುಡುಕ್ತಿರೋದು ವ್ಯಾನನ್ನೇ."

"ಜಪ್ತಿಗಾ?"

"ಓಡ್ಸೋಕೆ. ಆದ್ರೆ ನಗರಸಭೆ ಹತ್ರ ದುಡ್ಡಿಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ."

ಅವನು ಹೊರಗೆ ಜಾರಿ ಬಂದ. ಮಲಗಿದ ಹಾಗೆಯೇ ಅವಳನ್ನು ಒಂದು ಗಳಿಗೆ ನೋಡಿದ. ಕೆನ್ನೆಯ ಮೇಲೆ ಗ್ರೀಸು, ಹುಬ್ಬಿನಲ್ಲಿ ಅನುಮಾನ, ತುಟಿಯ ತುದಿಯಲ್ಲಿ ತಡೆದರೂ ತಡೆಯದ ನಗು.

"ಇಷ್ಟು ನೇರವಾಗಿ ಇಲ್ಲ ಅನ್ನೋ ಆಫೀಸರ್‌ನ ನಾನು ನೋಡಿರ್ಲಿಲ್ಲ," ಎಂದ. "ಕೂತ್ಕೊಳ್ಳಿ ಮೇಡಂ."

ಅವಳು ನಗರಸಭೆಯ ಸಾರಿಗೆ ಯೋಜಕಿ. ಊರವರು ಇಟ್ಟ ಹೆಸರು ಬಸ್ ಮೇಡಂ. ಬೆಟ್ಟದ ಮೇಲಿನ ಬಡಾವಣೆಗೆ ಹೋಗುತ್ತಿದ್ದ ಒಂದೇ ಬಸ್ಸು ನಷ್ಟದಿಂದ ನಿಂತ ಮೇಲೆ ಆ ಹೆಸರಿಗೆ ಕುಟುಕುವ ಕೊಂಡಿ ಬಂದಿತ್ತು. ಕಡಿದಾದ ದಾರಿ, ಇಕ್ಕಟ್ಟಿನ ತಿರುವು. ಮಂಡಿ ನೋವಿನವರು ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿದ್ದರು. ಹೊಸ ಬಸ್ಸಿನ ಮಾತೆತ್ತಿದರೆ ಮೇಲಿನವರು ದುಡ್ಡಿಲ್ಲವೆಂದು ಕೈ ಅಲ್ಲಾಡಿಸಿಬಿಡುತ್ತಿದ್ದರು. ಆಗ ಅವಳ ಕಣ್ಣಿಗೆ ಬಿದ್ದದ್ದು, ಮಕ್ಕಳನ್ನು ಶಾಲೆಗೆ ಬಿಟ್ಟು ಸಂಜೆಯ ಗಂಟೆಯವರೆಗೂ ಸುಮ್ಮನೆ ನಿಂತಿರುವ ಈ ಶೆಡ್ಡಿನ ವ್ಯಾನುಗಳು.

ಅವನು ಚಿತ್ರಕಲೆಯ ಮೇಷ್ಟ್ರಾಗಿದ್ದವನು. ಅಪ್ಪ ತೀರಿಕೊಂಡ ಮೇಲೆ ಕೆಲಸ ಬಿಟ್ಟು ವ್ಯಾನುಗಳ ಹೊಣೆ ಹೊತ್ತಿದ್ದ. ಈಗಲೂ ಎಲ್ಲರಿಗೂ ಮೇಷ್ಟ್ರೇ.

ಅವಳು ಹೇಳಿದ್ದನ್ನೆಲ್ಲ ಕೇಳಿ ಅವನು ಆಗದೆಂಬಂತೆ ತಲೆಯಾಡಿಸಿದ. "ಮಧ್ಯಾಹ್ನ ಗಾಡಿ ಕೆಟ್ರೆ ಸಂಜೆ ಮಕ್ಕಳು ಬೀದೀಲಿ ನಿಂತಿರ್ತಾರೆ. ಅವರ ಅಪ್ಪ ಅಮ್ಮಂದಿರು ನನ್ನ ನಂಬಿ ಕಳ್ಸೋದು."

"ಒಂದು ವ್ಯಾನ್ ಶೆಡ್ ಬಿಟ್ಟು ಕದಲೋದೇ ಬೇಡ. ಅದು ಮಕ್ಕಳಿಗೆ ಅಂತಲೇ ಇರ್ಲಿ."

"ಡೀಸೆಲ್?"

"ಬಡಾವಣೆಯವರು ಒಂದು ಸಂಘ ಮಾಡ್ಕೊಳ್ತಾರೆ. ಕೆಳಗಿನ ಅಂಗಡಿಯವರೂ ಕೈ ಜೋಡಿಸ್ತಾರೆ, ಗಿರಾಕಿ ಬರೋದು ಅವರಿಗೇ ತಾನೇ. ನಗರಸಭೆ ಒಪ್ಪಿಗೆ ಕೊಟ್ರೆ ಸಾಕು."

"ಎಲ್ಲಾ ಯೋಚಿಸ್ಕೊಂಡೇ ಬಂದಿದ್ದೀರಿ."

"ನೀವು ಬೈತೀರಿ ಅನ್ನೋದನ್ನೂ ಯೋಚಿಸಿದ್ದೆ. ಅದೊಂದು ಲೆಕ್ಕ ತಪ್ಪಾಯ್ತು."

ಮರುದಿನ ದಾರಿ ನೋಡಲು ಹೊರಟರು. ಮಕ್ಕಳ ಸೀಟಿನಲ್ಲಿ ಅವಳ ಮಂಡಿ ಗಲ್ಲಕ್ಕೆ ತಾಗುವಂತಿತ್ತು. ತೊಡೆಯ ಮೇಲೆ ಹರಡಿದ ನಕ್ಷೆ ಪ್ರತಿ ತಿರುವಿಗೂ ಜಾರುತ್ತಿತ್ತು. ಕನ್ನಡಿಯಲ್ಲಿ ಅವನ ಕಣ್ಣು ಒಮ್ಮೆ ಅವಳ ಮೇಲೆ ಬಂದು, ಏನೂ ಆಗದಂತೆ ರಸ್ತೆಗೆ ಮರಳಿತು.

"ನಕ್ರಾ?"

"ಇಲ್ಲ ಮೇಡಂ. ರಸ್ತೆ ನೋಡಿದೆ."

"ರಸ್ತೆ ಮುಂದಿದೆ, ಮೇಷ್ಟ್ರೇ."

ತಿರುವಿನಲ್ಲಿ ನಿಲ್ಲಿಸಬೇಕೆಂದು ಅವಳು, ಏರಿನಲ್ಲಿ ನಿಲ್ಲಿಸಿದರೆ ಕ್ಲಚ್ ಹೋಗುತ್ತದೆಂದು ಅವನು. ನೀರಿನ ಟ್ಯಾಂಕಿನವರೆಗೂ ಜಗಳವಾಡಿದರು. ಕೊನೆಗೆ ಅವಳು ಇಳಿದು, ಕೋಲೂರಿಕೊಂಡವರ ನಡಿಗೆಯಲ್ಲಿ ಆ ಏರನ್ನು ಮೆಲ್ಲಗೆ ಹತ್ತಿ ತೋರಿಸಿದಳು. ಅವನು ಮುಂದಿನ ವಾರ ತಿರುವಿನ ಬದಿಯ ಮನೆಯವರನ್ನು ಒಪ್ಪಿಸಿ ಅವರ ಗೋಡೆಯನ್ನು ಸ್ವಲ್ಪ ಹಿಂದಕ್ಕೆ ಕಟ್ಟಿಸಿದ್ದ. ಅಲ್ಲೀಗ ವ್ಯಾನು ಸಮತಟ್ಟಾಗಿ ನಿಲ್ಲುವಷ್ಟು ಜಾಗ.

ಪ್ರಯೋಗಕ್ಕೆಂದು ವ್ಯಾನು ಓಡಿದ ಮೊದಲ ದಿನ ಒಬ್ಬರೂ ಹತ್ತಲಿಲ್ಲ. ಎರಡನೇ ದಿನವೂ ಅಷ್ಟೇ. ಟ್ಯಾಂಕಿನ ಎದುರು ಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತೇ ಹೇಳಿದರು: "ಬಸ್ಸೂ ಹೀಗೇ ಬರ್ತಿತ್ತು ಮಗಳೇ. ಒಂದು ದಿನ ಕೆಳಗೆ ಬಿಟ್ಟು ಹೋಯ್ತು, ಮತ್ತೆ ಬರ್ಲೇ ಇಲ್ಲ. ಮನೆಗೆ ನಡ್ಕೊಂಡು ಬಂದವಳು ನಾನು."

ಅವಳು ವ್ಯಾನಿಗೆ ಮರಳಿ ಕೂತು, "ನಿಲ್ಲಿಸಿಬಿಡೋಣ್ವಾ? ನಿಮ್ಮ ಡೀಸೆಲ್ ಸುಮ್ನೆ ಸುಡ್ತಿದೆ," ಎಂದಳು.

"ಖಾಲಿ ಓಡ್ಸೋಣ," ಎಂದ ಅವನು. "ಅವರಿಗೆ ವ್ಯಾನ್ ಬೇಡ ಅಂತಲ್ಲ. ವಾಪಸ್ ಬರುತ್ತೆ ಅನ್ನೋ ಧೈರ್ಯ ಬೇಕು. ಬರ್ತಾ ಇರೋಣ."

ಗೇರು ಬದಲಿಸುತ್ತ, ಹವಾಮಾನದ ಬಗ್ಗೆ ಹೇಳಿದಷ್ಟು ಸಲೀಸಾಗಿ ಹೇಳಿದ್ದ. ಅವನ ತೋಳಿನ ಮಡಚಿದ ಅಂಗಿ, ಬೆರಳಿನ ಗೆಣ್ಣಿನ ಗಾಯ, ಕಿವಿಯ ಹಿಂದೆ ಆಗಲೇ ಬೆಳ್ಳಗಾದ ನಾಲ್ಕು ಕೂದಲು: ಎಲ್ಲವನ್ನೂ ಅವಳು ಅದೇ ಮೊದಲ ಸಲ ಕಂಡಂತೆ ನೋಡಿದಳು. ತನಗೆ ಏನಾಯಿತೆಂದು ಗೊತ್ತಾಗಿ, ಗಾಬರಿಯಿಂದ ಕಿಟಕಿಯ ಹೊರಗೆ ಮುಖ ತಿರುಗಿಸಿದಳು.

ಖಾಲಿ ವ್ಯಾನು ಹತ್ತಿತು, ಇಳಿಯಿತು. ಒಂದು ಬೆಳಿಗ್ಗೆ ಅಜ್ಜಿ ಚೀಲ ಹಿಡಿದು ತಿರುವಿನಲ್ಲಿ ನಿಂತಿದ್ದರು. ಮಧ್ಯಾಹ್ನ ಅವರನ್ನು ಮನೆ ಬಾಗಿಲಿಗೆ ತಂದು ಇಳಿಸಿದ್ದನ್ನು ಬೀದಿಯೇ ನೋಡಿತು. ಆ ತಿಂಗಳು ಮುಗಿಯುವ ಹೊತ್ತಿಗೆ ಬಸ್ ಮೇಡಂಗೇ ಸೀಟು ಸಿಗುತ್ತಿರಲಿಲ್ಲ.

ಉಳಿದದ್ದು ನಗರಸಭೆಯ ಒಪ್ಪಿಗೆ. ಸಭೆಯ ದಿನ ಅಜ್ಜಿಯೂ ಬಡಾವಣೆಯವರೂ ಹಿಂದಿನ ಬೆಂಚು ತುಂಬಿದರು. ಅವರ ನಡುವೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮೇಷ್ಟ್ರು.

ಅವಳು ಯೋಜನೆ ವಿವರಿಸಿ ಮುಗಿಸಿದಾಗ ಸದಸ್ಯರೊಬ್ಬರು ಎದ್ದರು. "ಎಲ್ಲಾ ಸರಿ. ಆದ್ರೆ ಮೇಡಂ ದಿನಾ ಆ ವ್ಯಾನಲ್ಲೇ ಇರ್ತಾರೆ. ಈ ಯೋಜನೆ ಊರಿಗೋ, ವ್ಯಾನಿನ ಮಾಲೀಕರಿಗೋ? ಇಬ್ಬರ ನಡುವೆ ಏನಾದ್ರೂ ಇದ್ಯಾ ಅಂತ ಜನ ಕೇಳ್ತಿದ್ದಾರೆ."

ಪಕ್ಕದಲ್ಲಿದ್ದ ಹಿರಿಯ ಎಂಜಿನಿಯರ್ ಮೆಲ್ಲಗೆ ಹೇಳಿದರು: "ಏನಿಲ್ಲ ಅಂದ್ಬಿಡಮ್ಮ, ಮುಗೀತು."

ಏನಿಲ್ಲ ಎಂದರೆ ಸುಳ್ಳಲ್ಲ. ಇಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ. ಆದರೆ ನಾಳೆ ಮಾತಾದರೆ? ಅಂದು ಯಾರೋ ಬೆರಳು ತೋರಿಸಿದರೆ ನಿಲ್ಲುವುದು ವ್ಯಾನು. ಮತ್ತೆ ಕೆಳಗೆ ಉಳಿಯುವವರು ಆ ಬೆಂಚಿನವರು. ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅವರ ಕಡೆಯಿಂದ ಏನಿದೆಯೋ ನನಗೆ ಗೊತ್ತಿಲ್ಲ. ನನ್ನ ಕಡೆಯಿಂದ ಇದೆ. ಅವರನ್ನ ಮದುವೆ ಆಗ್ಬೇಕು ಅಂತ ನನಗೆ ಆಸೆ ಇದೆ, ಇನ್ನೂ ಹೇಳಿಲ್ಲ. ಹಾಗಾಗಿ ಈ ಫೈಲಿಗೆ ನಾನು ಸಹಿ ಹಾಕಬಾರ್ದು. ಹಿರಿಯ ಎಂಜಿನಿಯರ್ ಪ್ರತಿಯೊಂದನ್ನೂ ತಪಾಸಣೆ ಮಾಡ್ಲಿ. ಬೇರೆ ವ್ಯಾನಿನವರನ್ನೂ ಕರೀಲಿ. ಆದ್ರೆ ನನ್ನಿಂದಾಗಿ ಬಡಾವಣೆಗೆ ವ್ಯಾನ್ ನಿಲ್ಲಬಾರ್ದು."

ಅಧ್ಯಕ್ಷರು ಕನ್ನಡಕ ತೆಗೆದು ಹಿಂದಕ್ಕೆ ನೋಡಿದರು. "ಮಾಲೀಕರು ಏನಾದ್ರೂ ಹೇಳ್ತೀರಾ?"

ಅವನು ಎದ್ದು ನಿಂತ. ಕಿವಿ ಕೆಂಪಾಗಿತ್ತು. "ಗಾಡಿಗಳನ್ನ ಯಾರು ಬೇಕಾದ್ರೂ ಪರೀಕ್ಷೆ ಮಾಡ್ಲಿ ಸರ್. ಇನ್ನೊಂದು ವಿಷಯ... ಅದನ್ನ ನಾನು ಅವರ ಹತ್ರಾನೇ ಮಾತಾಡ್ತೀನಿ."

"ಮಾತಾಡಪ್ಪ, ಬೇಗ ಮಾತಾಡು," ಎಂದರು ಅಜ್ಜಿ. ಸಭೆ ನಕ್ಕಿತು. ಪ್ರಶ್ನೆ ಕೇಳಿದ ಸದಸ್ಯರೂ ನಕ್ಕರು. ಹಿರಿಯ ಎಂಜಿನಿಯರರ ತಪಾಸಣೆಗೆ ಒಳಪಟ್ಟು ಒಪ್ಪಿಗೆ ಸಿಕ್ಕಿತು. ಅವಳನ್ನು ಆ ಕೆಲಸದಿಂದ ಬಿಡಿಸಿ ಫುಟ್‌ಪಾತ್ ರಿಪೇರಿಗೆ ಹಾಕಿದರು.

ಹೊರಗೆ ಮೆಟ್ಟಿಲ ಮೇಲೆ ಅವನು ಕಾಯುತ್ತಿದ್ದ.

"ನನಗೆ ಮೊದಲು ಹೇಳಬಹುದಿತ್ತಲ್ಲ."

"ಹೇಳಬಹುದಿತ್ತು. ಧೈರ್ಯ ಬಂದಿದ್ದು ಅಲ್ಲೇ."

"ನೀವು ಮಾಡಿದ ಯೋಜನೆ. ಈಗ ಅದರಲ್ಲಿ ನಿಮ್ಮ ಹೆಸರೇ ಇರಲ್ಲ."

"ವ್ಯಾನ್ ಇರುತ್ತಲ್ಲ." ಅವಳು ತಲೆ ಎತ್ತಿದಳು. "ನಿಮ್ಮ ಉತ್ತರ ಇನ್ನೂ ಬಂದಿಲ್ಲ."

ಅವನು ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ. ಒರಟು ಅಂಗೈ, ಬೆಚ್ಚಗಿತ್ತು.

"ಮದುವೆ ಸುದ್ದಿನೇ ಎತ್ತಬೇಡ ಅಂತ ಅಮ್ಮನ ಹತ್ರ ಜಗಳ ಆಡಿ ಬಾಯಿ ಮುಚ್ಚಿಸಿದ್ದೀನಿ," ಎಂದ. "ಈಗ ಯಾವ ಮುಖ ಇಟ್ಕೊಂಡು ಹೋಗಿ ಹೇಳ್ಲಿ?"

"ನಗರಸಭೆಯಲ್ಲಿ ಪಾಸಾಯ್ತು ಅಂತ ಹೇಳಿ."