ಕಂಬದಿಂದ ನಲವತ್ತೊಂದು ಅಡಿ

೧೯೭೯ರ ಫೆಬ್ರವರಿ ಹನ್ನೆರಡು, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ಚಾಮರಾಜಪೇಟೆಯ ಠಾಣೆಗೆ ಒಂದು ವಿಚಿತ್ರ ದೂರು ಬಂತು. ರಸ್ತೆಯ ಮೇಲೆ ಯಾರೋ ಬಿಳಿ ಪಟ್ಟೆ ಬಳಿದು ಹೋಗಿದ್ದಾರೆ, ಅವರನ್ನು ಹಿಡಿಯಬೇಕು ಎಂದು.

ದೂರು ತಂದವನು ಕಾರ್ಪೊರೇಷನ್ನಿನ ಕಿರಿಯ ಎಂಜಿನಿಯರ್ ಬದರೀನಾರಾಯಣ. ಮೂರನೇ ಮೈನಿಗೆ ಐದನೇ ಕ್ರಾಸು ಸೇರುವ ಕಡೆ ಜನ ರಸ್ತೆ ದಾಟಲೆಂದು ಜೀಬ್ರಾ ಪಟ್ಟೆ ಇದೆ. ಹನ್ನೊಂದು ತಿಂಗಳಿಂದ ಇದೆ. ಆದರೆ ಕಾರ್ಪೊರೇಷನ್ ಅದಕ್ಕೆ ಆದೇಶ ಕೊಟ್ಟಿಲ್ಲ, ಬಣ್ಣ ಕೊಟ್ಟಿಲ್ಲ, ಆಳು ಕಳಿಸಿಲ್ಲ. ಅಲ್ಲಿ ನಿಲ್ಲಿಸದೆ ಹೋಗಿ ದಂಡ ತೆತ್ತ ಟೆಂಪೋದವನೊಬ್ಬ ವಕೀಲರಿಂದ ಕಾಗದ ಬರೆಸಿದ ಮೇಲೆಯೇ ಕಡತ ಹುಡುಕಿದ್ದು, ವಿಷಯ ಗೊತ್ತಾಗಿದ್ದು.

“ಪಟ್ಟೆ ಹೇಗಿದೆ?” ಇನ್‌ಸ್ಪೆಕ್ಟರ್ ಶಿವಲಿಂಗಯ್ಯ ಕೇಳಿದರು.

“ನಮ್ಮದಕ್ಕಿಂತ ಚೆನ್ನಾಗಿದೆ ಸಾರ್.” ಬದರೀನಾರಾಯಣ ಮುಖ ಸಣ್ಣ ಮಾಡಿಕೊಂಡ.

ಬೇರೆ ದಿನವಾಗಿದ್ದರೆ ಶಿವಲಿಂಗಯ್ಯನವರು ನಕ್ಕು, ಕಾಫಿ ಕುಡಿಸಿ ಕಳಿಸುತ್ತಿದ್ದರೇನೋ. ಆದರೆ ಆ ಪಟ್ಟೆಯ ಪಕ್ಕದಲ್ಲಿ ದಿನವೂ ನಿಲ್ಲುತ್ತಿದ್ದ ಟ್ರಾಫಿಕ್ ಕಾನ್‌ಸ್ಟೇಬಲ್ ದೊಡ್ಡಬೈರಪ್ಪ ಹನ್ನೊಂದು ತಿಂಗಳಲ್ಲಿ ಅರವತ್ತಮೂರು ಚಾಲಕರ ಮೇಲೆ ಕೇಸು ಹಾಕಿದ್ದ. ಕೇಸು ಹಾಕುವ ಹುಮ್ಮಸ್ಸಿಗೆ ಪಟ್ಟೆಯನ್ನೂ ಅವನೇ ಬಳಿದುಕೊಂಡ ಎಂದು ಮೇಲಿನವರಿಗೆ ಗುಮಾನಿ. ಶುಕ್ರವಾರ ವಿಚಾರಣೆ. ಅಷ್ಟರೊಳಗೆ ಬಳಿದವನು ಸಿಗದಿದ್ದರೆ ಅಮಾನತು. ಅವನಿಗೆ ಪೆನ್ಷನ್ ಬರಲು ಇನ್ನು ಎರಡೇ ವರ್ಷ. ಶಾಲೆ ಮಕ್ಕಳೆಲ್ಲ ದಾಟಿದ ಮೇಲೆಯೇ ಟೀ ಕುಡಿಯುವ ಆಸಾಮಿ ಅವನು. ಶಿವಲಿಂಗಯ್ಯನವರು ದೂರಿನ ಪುಸ್ತಕವನ್ನು ಎಳೆದುಕೊಂಡರು.

ಎಫ್‌ಐಆರ್ ದಾಖಲಾಯಿತು. ರಸ್ತೆಗೆ ಒಳ್ಳೆಯದು ಮಾಡಿದವನ ಮೇಲೆ ಯಾವ ಕಲಮು ಹಾಕಬೇಕೆಂದು ಹುಡುಕಲು ಮಾತ್ರ ಅರ್ಧ ಗಂಟೆ ಹಿಡಿಯಿತು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಆಂಜಿನಯ್ಯ ಟೇಪು ಹಿಡಿದು ಅಳೆದು ಬರೆದುಕೊಂಡ. ಒಂಬತ್ತು ಪಟ್ಟೆ, ಎನಾಮಲ್ ಪೇಂಟು, ಅಂಚು ಒಂದು ಕೂದಲೂ ಸೊಟ್ಟ ಇಲ್ಲ. ಒಂದೇ ಒಂದು ಅಸಂಬದ್ಧ. ಪಟ್ಟೆ ಇರಬೇಕಾದ್ದು ಕೂಡುರಸ್ತೆಯ ಮೂಲೆಯಲ್ಲಿ. ಇದು ಮೂಲೆ ಬಿಟ್ಟು ಒಳಗೆ, ಒಂದು ಹೊಂಗೆ ಮರದ ಎದುರಿಗಿತ್ತು.

ದೊಡ್ಡಬೈರಪ್ಪ ಟೋಪಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ.

“ನೀನು ಬಳಿದ್ಯಾ?” ಶಿವಲಿಂಗಯ್ಯನವರು ಕೇಳಿದರು.

“ಇಲ್ಲ ಸಾರ್.”

“ಯಾರು ಬಳಿದ್ರು ಅಂತ ಕೇಳ್ಲಿಲ್ವಾ?”

“ರಸ್ತೇಲಿ ಪಟ್ಟೆ ಇದ್ರೆ ಕಾರ್ಪೊರೇಷನ್ನೋರೇ ಬಳಿದಿರ್ತಾರೆ ಅಂದ್ಕೊಂಡೆ ಸಾರ್. ಮೊದ್ಲು ಇಲ್ಲಿ ಒಬ್ರೂ ನಿಲ್ಲಿಸ್ತಿರ್ಲಿಲ್ಲ. ಹಾರನ್ ಹೊಡ್ಕೊಂಡು ಹೋಗೋರು. ಈಗ ಹತ್ತು ಜನದಲ್ಲಿ ಆರು ಜನ ನಿಲ್ಲಿಸ್ತಾರೆ. ಮಿಕ್ಕ ನಾಲ್ಕು ಜನಾನ ನಾನು ನೋಡ್ಕೋತೀನಿ.”

ಎದುರು ಮನೆಯ ತುಳಸಮ್ಮ ಗೇಟಿನಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಬಳಿದವನನ್ನು ಅವರು ನೋಡಿದ್ದರು. ನೋಡುವುದೇನು, ಕಾಫಿಯನ್ನೂ ಕೊಟ್ಟಿದ್ದರು.

“ಕದ್ದುಮುಚ್ಚಿ ಏನಲ್ಲ ಸ್ವಾಮಿ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ. ಖಾಕಿ ಬಟ್ಟೆ, ಕೋಲಿಗೆ ಕೆಂಪು ಬಾವುಟ. ಮೂರು ಸಲ ಬಂದಿದಾನೆ, ಮಾಸಿದ ಹಾಗೆಲ್ಲ. ಕಾರ್ಪೊರೇಷನ್ನೋನೇ ಅಂದ್ಕೊಂಡೆ. ಹೋಗೋವಾಗ ಕೆಳಗೆ ಬಿದ್ದ ಬಣ್ಣಾನೆಲ್ಲ ಒರೆಸ್ಬಿಟ್ಟು ಹೋದ. ಆಗ್ಲೇ ಸ್ವಲ್ಪ ಅನುಮಾನ ಬಂತು.”

ಜೊತೆಗೆ ಬಂದಿದ್ದ ಬದರೀನಾರಾಯಣ ನೆಲ ನೋಡಿದ.

“ಬಳಿಯೋವಾಗ ಗಾಡಿ ಬಂದ್ರೆ ಹೇಗೆ ನಿಲ್ಲಿಸ್ತಿದ್ದ?” ಎಂದರು ಶಿವಲಿಂಗಯ್ಯ.

“ಕೈಯಲ್ಲಿ.” ತುಳಸಮ್ಮ ಬಲಗೈಯನ್ನು ಪಕ್ಕಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ, ಮಲಗಿಸಿದ ಮಗುವನ್ನು ತಟ್ಟುವ ಹಾಗೆ ಮೇಲೆ ಕೆಳಗೆ ಆಡಿಸಿ ತೋರಿಸಿದರು.

ಶಿವಲಿಂಗಯ್ಯನವರು ಅದನ್ನೇ ಇನ್ನೊಮ್ಮೆ ಮಾಡಿಸಿ ನೋಡಿದರು. ಪೊಲೀಸಿನವನಾಗಿದ್ದರೆ ಅಂಗೈಯನ್ನು ಎದುರಿಗೆ ಎತ್ತಿ ಹಿಡಿಯುತ್ತಿದ್ದ. ಇದು ಲೈಸೆನ್ಸ್ ಪರೀಕ್ಷೆಯಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಿ, ನಿಧಾನ ಮಾಡುತ್ತಿದ್ದೇನೆ ಎಂದು ತೋರಿಸುವ ಸನ್ನೆ.

“ಬರ್ಕೊಳ್ಳಿ ಆಂಜಿನಯ್ಯ. ಚಾಲಕ.”

ಬೆಂಗಳೂರಿನಲ್ಲಿ ಚಾಲಕರಿಗೇನು ಬರವೇ? ಮಂಗಳವಾರ ಇಡೀ ದಿನ ಪೇಂಟಿನ ಅಂಗಡಿಗಳನ್ನು ಸುತ್ತಿ ಬರಿಗೈಯಲ್ಲಿ ಬಂದರು. ಬುಧವಾರ ಮಧ್ಯಾಹ್ನ ಮೂರಕ್ಕೆ ಆಂಜಿನಯ್ಯ ಪಂಚನಾಮೆಯ ಶುದ್ಧ ಪ್ರತಿ ಬರೆಯಲು ಕುಳಿತ. ಬರೆಯುತ್ತಾ ಬರೆಯುತ್ತಾ ಪೆನ್ನು ನಿಲ್ಲಿಸಿದ.

“ಸಾರ್, ಈ ಸಾಲು ನಾನು ಮೊದ್ಲೇ ಒಂದ್ಸಲ ಬರೆದಿದೀನಿ.”

“ಯಾವ ಸಾಲು?”

“‘ದೀಪದ ಕಂಬದಿಂದ ಪೂರ್ವಕ್ಕೆ ನಲವತ್ತೊಂದು ಅಡಿ, ಹೊಂಗೆ ಮರದ ಎದುರು.’ ಇದೇ ಕೈಯಲ್ಲಿ ಬರೆದಿದೀನಿ ಸಾರ್.”

ರೆಕಾರ್ಡ್ ಕೋಣೆಯ ಧೂಳು ಕುಡಿದು ಐದೂವರೆಗೆ ಕಡತ ಹುಡುಕಿ ತಂದ. ೧೯೭೩ರ ಆಗಸ್ಟ್ ಇಪ್ಪತ್ತೊಂದು. ಮನೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಂಜಮ್ಮ, ಐವತ್ತೆರಡು ವರ್ಷ, ಅದೇ ಹೊಂಗೆ ಮರದ ಎದುರು ರಸ್ತೆ ದಾಟುವಾಗ ಅಕ್ಕಿಪೇಟೆಗೆ ಹೋಗುತ್ತಿದ್ದ ಲಾರಿ ಬಡಿದು ಸತ್ತಿದ್ದಳು. ಚಾಲಕ ನಾರಾಯಣಪ್ಪ. ಎರಡು ವರ್ಷದ ಮೇಲೆ ಕೋರ್ಟು ಅವನನ್ನು ನಿರಪರಾಧಿಯೆಂದು ಬಿಟ್ಟಿತ್ತು. ತೀರ್ಪಿನ ಒಂದು ಸಾಲಿನ ಕೆಳಗೆ ಯಾರೋ ಅಂದೇ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು: ‘ಸದರಿ ಜಾಗದಲ್ಲಿ ಪಾದಚಾರಿಗಳು ದಾಟಲು ಯಾವುದೇ ಗುರುತು ಇರುವುದಿಲ್ಲ, ಅಲ್ಲಿ ರಸ್ತೆಗಿಳಿದದ್ದು ಮೃತೆಯದೇ ಅಜಾಗರೂಕತೆ.’

ಶಿವಲಿಂಗಯ್ಯನವರು ಅದನ್ನು ಎರಡು ಸಲ ಓದಿದರು. ಆಂಜಿನಯ್ಯ ತನ್ನ ಹಳೆಯ ಅಕ್ಷರವನ್ನೇ ನೋಡುತ್ತಾ ಕುಳಿತಿದ್ದ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಕ್ಕಿಪೇಟೆಗೆ ಹೋದರು. ಕಡತದಲ್ಲಿದ್ದ ವಿಳಾಸದಲ್ಲಿ ನಾರಾಯಣಪ್ಪ ಇರಲಿಲ್ಲ. ಲಾರಿ ಓಡಿಸುವುದು ಬಿಟ್ಟು, ಲಾರಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಾನೆಂದು ಪಕ್ಕದ ಮನೆಯವರು ಹೇಳಿದರು. ಶೆಡ್ಡಿನ ಮಾಲೀಕ ಶೀನಣ್ಣ ಅವನನ್ನು ಹೊಗಳಿದ್ದೇ ಹೊಗಳಿದ್ದು.

“ಅಕ್ಷರ ಅಂದ್ರೆ ಮುತ್ತು ಸಾರ್. ಒಂದೇ ಹುಚ್ಚು. ಲಾರಿ ಹಿಂದ್ಗಡೆ ‘ಸೌಂಡ್ ಹಾರನ್’ ಅಂತ ಮಾತ್ರ ಬರೆಯಲ್ಲ. ಅದನ್ನ ಬೇರೆಯೋರ ಕೈಲಿ ಬರೆಸ್ತೀನಿ.”

ನಾರಾಯಣಪ್ಪ ನಲವತ್ತೈದರ ಆಸುಪಾಸಿನ ತೆಳ್ಳನೆಯ ಮನುಷ್ಯ. ಪೊಲೀಸರನ್ನು ಕಂಡವನೇ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ, ಡಬ್ಬದ ಮೇಲೆ ಅಡ್ಡ ಇಟ್ಟ. ಮೈಮೇಲೆ ಹಳೆಯ ಡ್ರೈವರ್ ಖಾಕಿ.

“ಪಟ್ಟೆ ಬಳಿದೋನು ನೀನೇನಾ?”

“ಹೌದು ಸಾರ್.”

“ಬಳಿಯೋಕೆ ಯಾರು ಹೇಳಿದ್ರು?”

“ಯಾರೂ ಇಲ್ಲ.”

“ಕಾನ್‌ಸ್ಟೇಬಲ್ ಗೊತ್ತಾ?”

“ಮಾತಾಡಿಲ್ಲ ಸಾರ್. ಮಕ್ಕಳನ್ನ ದಾಟಿಸ್ತಾರೆ. ನೋಡಿದೀನಿ. ಅವ್ರಿಗೇನಾದ್ರೂ ತೊಂದ್ರೆ ಆಯ್ತಾ?”

“ನಾಳೆ ಕೆಲಸ ಹೋಗೋದ್ರಲ್ಲಿತ್ತು.”

ನಾರಾಯಣಪ್ಪನ ಮುಖ ಕಪ್ಪಿಟ್ಟಿತು. “ಬರ್ಕೊಳ್ಳಿ ಸಾರ್. ನಾನೇ, ನಾನೊಬ್ನೇ.”

ಹತ್ತೂ ನಲವತ್ತಕ್ಕೆ ದಸ್ತಗಿರಿ. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಶಿವಲಿಂಗಯ್ಯನವರು ಕೇಳಿದರು, “ಕೋರ್ಟೇ ಬಿಟ್ಟಿತ್ತಲ್ಲ. ಮತ್ಯಾಕೆ?”

“ಅಲ್ಲಿ ಗುರುತಿತ್ತಾ ಅಂತ ಕೇಳಿದ್ರು ಸಾರ್. ಇಲ್ಲ ಅಂದೆ. ಅದು ನಿಜ. ನೀನು ಏನು ಮಾಡ್ದೆ ಅಂತ ಯಾರೂ ಕೇಳ್ಲಿಲ್ಲ.” “ಆಯಮ್ಮ ಕೈ ತೋರಿಸಿದ್ರು. ನಾನು ನೋಡ್ದೆ. ಬ್ರೇಕ್ ಒತ್ತಿದ್ರೆ ನಿಲ್ತಿತ್ತು. ನಾನು ಹಾರನ್ ಒತ್ತಿದೆ. ದಿನಾ ಹಂಗೇ ಮಾಡ್ತಿದ್ದೆ. ಎಲ್ರೂ ಓಡ್ಬಿಡೋರು. ಆಯಮ್ಮನಿಗೆ ಓಡಕ್ಕಾಗ್ಲಿಲ್ಲ.”

ಆಂಜಿನಯ್ಯ ಬರೆಯುವುದನ್ನು ನಿಲ್ಲಿಸಿ ಮೂಗು ಒರೆಸಿಕೊಂಡ.

ಸಂಜೆ ನಾಲ್ಕಕ್ಕೆ ಆರೋಪಿಯಿಂದ ಜಾಗ ತೋರಿಸಿಕೊಳ್ಳಲು ಎಲ್ಲರೂ ಹೊಂಗೆ ಮರದ ಬಳಿ ಸೇರಿದರು. ಪಟ್ಟೆ ಯಾವಾಗ ಅಳಿಸುತ್ತೀರಿ ಎಂದು ಶಿವಲಿಂಗಯ್ಯನವರು ಕೇಳಿದ್ದಕ್ಕೆ ಬದರೀನಾರಾಯಣ ತಲೆ ಕೆರೆದುಕೊಂಡ.

“ಅಳಿಸೋಕೆ ಆದೇಶ ಬೇಕು ಸಾರ್. ಆದೇಶಕ್ಕೆ ಕಡತ ಬೇಕು. ಇಲ್ಲದ ಪಟ್ಟೆಗೆ ಕಡತ ಎಲ್ಲಿಂದ ತರ್ಲಿ? ಮೊದ್ಲು ಪಟ್ಟೆ ಮಂಜೂರಾಗ್ಬೇಕು.”

“ಹಾಗಾದ್ರೆ ಮಂಜೂರು ಮಾಡ್ಸಿ,” ಎಂದರು ಶಿವಲಿಂಗಯ್ಯ. ಅವರು ತಮಾಷೆ ಮಾಡುತ್ತಿರಲಿಲ್ಲ.

ಕಂಬ ಆಚೆ ಬದಿಯಲ್ಲಿತ್ತು. ಅಳೆಯಲು ದಾಟಬೇಕು. ನಾರಾಯಣಪ್ಪ ಮಾತ್ರ ಪಟ್ಟೆಯ ಅಂಚಿನಲ್ಲೇ ನಿಂತುಬಿಟ್ಟ.

“ಯಾಕೆ?”

“ನಾನು ಇದನ್ನ ದಾಟಿಲ್ಲ ಸಾರ್. ಬಳಿದು, ಬಂದ ಕಡೆಗೇ ವಾಪಸ್ ಹೋಗ್ಬಿಡ್ತೀನಿ.”

ದೊಡ್ಡಬೈರಪ್ಪ ಹತ್ತಿರ ಬಂದ. ಬೈಯುತ್ತಾನೇನೋ ಎಂದು ಶಿವಲಿಂಗಯ್ಯನವರು ನೋಡಿದರು. ಅವನು ಶಾಲೆ ಮಕ್ಕಳ ಮೊಣಕೈ ಹಿಡಿಯುವಂತೆ ನಾರಾಯಣಪ್ಪನ ಮೊಣಕೈ ಹಿಡಿದುಕೊಂಡ. “ಬನ್ನಿ,” ಎಂದ.

ಎರಡನೇ ಪಟ್ಟೆ ತುಳಿಯುವಾಗ ಅಕ್ಕಿಮೂಟೆಯ ಲಾರಿಯೊಂದು ತಿರುವಿನಿಂದ ಬಂತು. ಹಾರನ್ ಒಮ್ಮೆ ಕೂಗಿತು. ನಾರಾಯಣಪ್ಪ ಕಣ್ಣು ಮುಚ್ಚಿ ಅಲ್ಲೇ ನಿಂತ. ಆಮೇಲೆ ಬ್ರೇಕಿನ ಸದ್ದು. ಕಣ್ಣು ಬಿಟ್ಟಾಗ ಲಾರಿ ಪಟ್ಟೆಗೆ ಮೂರು ಅಡಿ ಹಿಂದೆ ನಿಂತಿತ್ತು. ದೊಡ್ಡಬೈರಪ್ಪ ಕೈಯನ್ನೂ ಎತ್ತಿರಲಿಲ್ಲ. ಒಳಗಿದ್ದ ಹುಡುಗಪ್ರಾಯದ ಡ್ರೈವರ್, ಹೋಗಿ ಹೋಗಿ ಎಂದು ಬೇಸರದಿಂದಲೇ ಕೈಯಾಡಿಸಿದ.

ಮಿಕ್ಕ ಏಳು ಪಟ್ಟೆಗಳನ್ನು ನಾರಾಯಣಪ್ಪ ಮೆಲ್ಲಗೆ ದಾಟಿದ. ಆಚೆ ಬದಿ ಸೇರಿ ತಿರುಗಿ ನೋಡಿದ. ಕಣ್ಣಲ್ಲಿ ನೀರು ಬಂದಿತ್ತು.

“ನಿಲ್ಲಿಸ್ದ ಸಾರ್,” ಎಂದ.

ಆಂಜಿನಯ್ಯ ಟೇಪಿನ ತುದಿಯನ್ನು ಕಂಬಕ್ಕೆ ಹಿಡಿದು ಅಳೆದ. ನಲವತ್ತೊಂದು ಅಡಿ. ಬರೆದುಕೊಂಡ.